ಏಳನೇ ಕಿಲೋಮೀಟರಿನ ಗುಂಡಿ

ಬೇರೆಯವರಿಗೆ ಸಿಟ್ಟು ಬಂದರೆ ಬಾಯಿ ದೊಡ್ಡದಾಗುತ್ತದೆ. ನನ್ನ ಸೋದರತ್ತೆಗೆ ಸಿಟ್ಟು ಬಂದರೆ ಬಾಯಿ ಮುಚ್ಚಿ ಕೈ ಚುರುಕಾಗುತ್ತಿತ್ತು. ಪಾತ್ರೆಗಳು ಒಂದರ ಮೇಲೊಂದು ಕೂರುವ ಸದ್ದು, ಬಾಗಿಲ ಚಿಲಕ ಬೀಳುವ ಸದ್ದು, ಬಟ್ಟೆ ಒಗೆಯುವ ಕಲ್ಲಿನ ಸದ್ದು. ದರ್ಜಿಯಾಗಿದ್ದ ನನ್ನ ಮಾವ ಹೊಲಿಗೆ ಯಂತ್ರದಿಂದ ತಲೆ ಎತ್ತದೆ, "ಇವತ್ತು ಗುಡುಗು ಜೋರಾಗಿದೆ, ಮಳೆ ಯಾರ ಮೇಲೋ" ಅನ್ನುತ್ತಿದ್ದರು. ನಾನು ಆ ಮನೆಯಲ್ಲೇ ಇದ್ದುಕೊಂಡು ಪಕ್ಕದ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು. ಹಾಗಾಗಿ ಆ ವರ್ಷ ನಡೆದದ್ದೆಲ್ಲ ಹೆಚ್ಚುಕಡಿಮೆ ನನ್ನ ಕಣ್ಣೆದುರೇ ನಡೆಯಿತು. ಕಣ್ಣಿಗೆ ಬೀಳದ್ದು ಮಾತ್ರ ಅತ್ತೆ ಮತ್ತು ಉದ್ದಣ್ಣನ ಬಾಯಿಂದ ಕೇಳಿದ್ದು.

ಅತ್ತೆ ರಸ್ತೆ ದುರಸ್ತಿ ಗ್ಯಾಂಗಿನ ಮೇಸ್ತ್ರಿ. ನದಿಯ ಸೇತುವೆಯಿಂದ ಇಟ್ಟಿಗೆ ಭಟ್ಟಿಯ ತಿರುವಿನವರೆಗೆ ಹನ್ನೊಂದು ಕಿಲೋಮೀಟರ್ ಹೆದ್ದಾರಿ ಅವಳ ಸುಪರ್ದಿಯಲ್ಲಿತ್ತು. ಹೆದ್ದಾರಿ ಅನ್ನುವುದು ಹೆಸರಿಗೆ ಮಾತ್ರ. ಎರಡು ಬಸ್ಸು ಎದುರಾದರೆ ಒಂದು ಮಣ್ಣಿಗೆ ಇಳಿಯಲೇಬೇಕು. ಯಾವುದು ಇಳಿಯಬೇಕು ಅನ್ನುವುದು ಡ್ರೈವರುಗಳ ಗತ್ತಿನ ಮೇಲೆ ತೀರ್ಮಾನವಾಗುತ್ತಿತ್ತು. ಗ್ಯಾಂಗು ಅಂದರೂ ಇದ್ದದ್ದು ಇಬ್ಬರೇ: ಅತ್ತೆ, ಮತ್ತೆ ಎಲ್ಲರೂ ಉದ್ದಣ್ಣ ಎಂದು ಕರೆಯುತ್ತಿದ್ದ, ಬಾಗಿಲು ದಾಟುವಾಗ ಬಗ್ಗಿಯೇ ದಾಟಬೇಕಾದ ಆಳು. ಇಪ್ಪತ್ತೆರಡು ವರ್ಷ ಅವರಿಬ್ಬರು ಆ ರಸ್ತೆಯ ಗುಂಡಿ ಮುಚ್ಚಿದ್ದರು. ಊರವರು ಅತ್ತೆಗೆ ಇಟ್ಟ ಹೆಸರು ಗುಂಡಿ ಮೇಸ್ತ್ರಿ. ಮೊದಮೊದಲು ಗೇಲಿಗೆ ಇಟ್ಟದ್ದು, ಆಮೇಲೆ ಮರ್ಯಾದೆಯ ಹೆಸರೇ ಆಗಿಹೋಯಿತು.

ಗುಂಡಿ ಮುಚ್ಚುವುದರಲ್ಲಿ ಅವಳಿಗೆ ಒಂದು ನೇಮವಿತ್ತು. ಮೊದಲು ಅಂಚನ್ನು ಚೌಕವಾಗಿ ಕಡಿಯಬೇಕು. ಧೂಳು ಗುಡಿಸಿ, ಹಸಿ ಇದ್ದರೆ ಒಣಗಿಸಿ, ಒಳಮೈಗೆಲ್ಲ ಡಾಂಬರು ಬಳಿದು, ಜಲ್ಲಿ ತುಂಬಿ, ದಿಮ್ಮಸಿನಲ್ಲಿ ಬಡಿದು ಕೂರಿಸಬೇಕು. ಮೇಲೆಮೇಲೆ ಜಲ್ಲಿ ಸುರಿದು ಹೋಗುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. "ಬೇರು ಒಳಗೇ ಬಿಟ್ಟು ಹಲ್ಲು ಕಿತ್ತ ಹಾಗೆ" ಅನ್ನುತ್ತಿದ್ದಳು.

ಒಂದು ಬೆಳಗ್ಗೆ ಇಲಾಖೆಯ ಕಿರಿಯ ಇಂಜಿನಿಯರು ಜೀಪಿನಲ್ಲಿ ಬಂದು, ಸಾಮಾನಿನ ಶೆಡ್ಡಿನ ಬಾಗಿಲಲ್ಲಿ ನಿಂತೇ ಹೇಳಿದ. "ಮೇಸ್ತ್ರಿ, ಇನ್ಮೇಲೆ ಗುಂಡಿ ಮುಚ್ಚೋದು ಬೇಡ."

"ಯಾವ ಗುಂಡಿ?"

"ಯಾವ್ದೂ ಬೇಡ. ಇನ್ನು ಮೂರ್ನಾಲ್ಕು ತಿಂಗಳಲ್ಲಿ ರಸ್ತೆ ಪರೀಕ್ಷೆಗೆ ತಂಡ ಬರುತ್ತೆ. ಅಗಲ ಮಾಡ್ಬೇಕೋ ಬೇಡ್ವೋ ಅಂತ ಅಳತೆ ಮಾಡಿ ವರದಿ ಕೊಡ್ತಾರೆ. ನೀವು ಹೀಗೆ ನುಣ್ಣಗೆ ಇಟ್ಕೊಂಡ್ರೆ, ಇದು ಚೆನ್ನಾಗೇ ಇದೆಯಲ್ಲ ಅಂತ ಆಚೆ ಕಡೆ ರಸ್ತೆಗೆ ದುಡ್ಡು ಕೊಟ್ಟು ಹೋಗ್ತಾರೆ. ರೋಗಿ ಎದ್ದು ಓಡಾಡ್ತಿದ್ರೆ ಡಾಕ್ಟ್ರು ಹಾಸಿಗೆ ಕೊಡ್ತಾರಾ?"

"ಅಲ್ಲಿವರೆಗೆ ಜನ?"

"ಜನ ನಿಧಾನಕ್ಕೆ ಹೋಗ್ತಾರೆ ಬಿಡಿ."

"ಬರೆದು ಕೊಡಿ ಸಾಹೇಬ್ರೆ."

ಅವನು ನಕ್ಕ. "ಇಂಥದ್ದನ್ನೆಲ್ಲ ಯಾರಾದ್ರೂ ಬರೆದು ಕೊಡ್ತಾರಾ? ಊರಿಗೆ ಒಳ್ಳೇದಾಗೋ ವಿಷಯ. ಬಾಯಿ ಬಿಡದೆ ಸುಮ್ನಿದ್ರೆ ಸಾಕು."

ಅತ್ತೆ ಸುಮ್ಮನಾದಳು. ಇದನ್ನು ಆಮೇಲೆ ಅವಳು ಎಷ್ಟು ಸಲ ತನಗೆ ತಾನೇ ಹೇಳಿಕೊಂಡಳೋ ಲೆಕ್ಕವಿಲ್ಲ: "ಸುಮ್ನಾದೆ." ಯಾಕೆ ಸುಮ್ಮನಾದಳು ಅಂದರೆ, ರಸ್ತೆ ಅಗಲವಾಗಬೇಕು ಅನ್ನುವುದು ಅವಳ ಆಸೆಯೂ ಆಗಿತ್ತು. ಹಿಂದಿನ ವರ್ಷ ಹೆರಿಗೆ ನೋವಿನ ಹೆಂಗಸೊಬ್ಬಳು ಕಲ್ಲು ಲಾರಿಯ ಹಿಂದೆ ನಲವತ್ತು ನಿಮಿಷ ಸಿಕ್ಕಿಹಾಕಿಕೊಂಡು, ಗಾಡಿಯಲ್ಲೇ ಮಗು ಕಳೆದುಕೊಂಡಿದ್ದಳು. ಜೊತೆಗಿದ್ದದ್ದು ಅತ್ತೆಯ ಗೆಳತಿ ನರ್ಸಮ್ಮ. "ಒಂದೇ ಒಂದು ಮಾರು ಅಗಲ ಇದ್ದಿದ್ರೆ ಕಣೇ" ಎಂದು ನರ್ಸಮ್ಮ ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತದ್ದು ನನಗೇ ನೆನಪಿದೆ.

ಮರುದಿನದಿಂದ ಅತ್ತೆ ಮತ್ತು ಉದ್ದಣ್ಣ ಚರಂಡಿ ಬಾಚಿದರು, ಅಂಚಿನ ಹುಲ್ಲು ಕೊಯ್ದರು, ಕಿಲೋಮೀಟರ್ ಕಲ್ಲುಗಳಿಗೆ ಬಿಳಿ ಬಳಿದು ಅಂಕಿಗಳನ್ನು ಕಪ್ಪಗೆ ತಿದ್ದಿದರು. "ಹುಣ್ಣು ಬಿಟ್ಟು ಉಗುರಿಗೆ ಬಣ್ಣ ಹಚ್ತಾ ಇದೀವಿ" ಎಂದು ಅತ್ತೆ ಒಂದು ಸಂಜೆ ಮಾವನ ಹತ್ತಿರ ಹೇಳಿದಳು. ಮಾವ ಬಾಯಲ್ಲಿದ್ದ ಸೂಜಿಯನ್ನು ತೆಗೆದು, "ದೊಡ್ಡ ಬಟ್ಟೆ ಹೊಲಿಯೋಕೆ ಮುಂಚೆ ಹಳೇದನ್ನ ಬಿಚ್ಬೇಕಾಗುತ್ತೆ ಬಿಡು" ಎಂದರು. ಆ ಸಂಜೆ ಪಾತ್ರೆಗಳು ಬಹಳ ಸದ್ದು ಮಾಡಿದವು.

ಆದರೆ ಒಂದು ಕೆಲಸ ಅವಳು ಬಿಡಲಿಲ್ಲ. ಮೇಸ್ತ್ರಿಯಾದವಳು ದಿನದ ಕೆಲಸವನ್ನು ದಿನಚರಿ ಪುಸ್ತಕದಲ್ಲಿ ಬರೆಯಬೇಕು, ಹದಿನೈದು ದಿನಕ್ಕೊಮ್ಮೆ ಸಾಹೇಬ ಅದಕ್ಕೆ ಸಹಿ ಹಾಕಬೇಕು. ಏಳನೇ ತರಗತಿವರೆಗೆ ಓದಿದ್ದ ಅತ್ತೆಯ ಅಕ್ಷರ ಒಂದೊಂದೂ ಜಲ್ಲಿಕಲ್ಲಿನ ಹಾಗೆ ದಪ್ಪ, ಬಿಡಿಬಿಡಿ. ಹುಲ್ಲು ಕೊಯ್ದದ್ದು, ಕಲ್ಲಿಗೆ ಬಳಿದದ್ದು ಬರೆದಾದ ಮೇಲೆ ಕೊನೆಯಲ್ಲಿ ಹೊಸ ಗುಂಡಿಗಳನ್ನೂ ಬರೆಯುತ್ತಿದ್ದಳು.

ಏಳನೇ ಕಿಲೋಮೀಟರಿನ ಗುಂಡಿ ಆಗ ಒಂದು ತಟ್ಟೆಯಷ್ಟಿತ್ತು. ಒಂದು ತಿಂಗಳಿಗೆ ಬಾಂಡ್ಲಿಯಷ್ಟಾಯಿತು. ಎಡಕ್ಕೆ ತಿರುವು, ಬಲಕ್ಕೆ ಗಿಡಗಂಟಿ, ತಪ್ಪಿಸಿಕೊಳ್ಳಲು ಜಾಗವಿಲ್ಲದ ಕಡೆ. ನರ್ಸಮ್ಮ ದಿನಾ ಸ್ಕೂಟರಿನಲ್ಲಿ ಅದೇ ದಾರಿಯಲ್ಲಿ ಹೋಗುತ್ತಿದ್ದವಳು. ನಮ್ಮ ಮನೆ ಮುಂದೆ ನಿಲ್ಲಿಸಿ, ಇಳಿಯದೆಯೇ ಕೂಗುತ್ತಿದ್ದಳು. "ಏನೇ ಮೇಸ್ತ್ರಿ, ಕೈಗೇನಾಗಿದೆ ನಿಂಗೆ? ನನ್ನ ಸ್ಕೂಟರು ಏಳನೇ ಕಲ್ಲಿನ ಹತ್ರ ದಿನಾ ಅಡ್ಡಬೀಳ್ತಾ ಇದೆ."

"ಸಾಮಾನು ಬಂದಿಲ್ಲ" ಎಂದಳು ಅತ್ತೆ.

ಶೆಡ್ಡಿನಲ್ಲಿ ಜಲ್ಲಿ ಇತ್ತು. ಡಾಂಬರಿನ ಡಬ್ಬಗಳು ಆರು ಇದ್ದವು. ನನಗೆ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು. ಅತ್ತೆ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವಳಿಗೆ ಸುಳ್ಳು ಹೇಳಲು ಬರುತ್ತಲೂ ಇರಲಿಲ್ಲ, ಹೇಳುವಾಗ ಬಾಗಿಲ ಚೌಕಟ್ಟನ್ನು ನೋಡುತ್ತಿದ್ದಳು.

ನಾಲ್ಕು ತಿಂಗಳು ಕಳೆದು ಒಂದು ವಾರವಾಗಿತ್ತು. ಹಿಂದಿನ ದಿನ ಮಳೆ ಬಿದ್ದು ಗುಂಡಿಗಳೆಲ್ಲ ತುಂಬಿ, ಎಲ್ಲವೂ ಒಂದೇ ಆಳದವು ಅನ್ನುವಂತೆ ಕಾಣುತ್ತಿದ್ದವು. ಬೆಳಗ್ಗೆ ಒಂಬತ್ತರ ಹೊತ್ತಿಗೆ ಉದ್ದಣ್ಣ ಸೈಕಲ್ಲನ್ನು ನಮ್ಮ ಗೋಡೆಗೆ ಒಗೆದು ಒಳಗೆ ಬಂದ. ಬಗ್ಗುವುದನ್ನು ಮರೆತು ಬಾಗಿಲಿಗೆ ಹಣೆ ಬಡಿಸಿಕೊಂಡ. "ನರ್ಸಮ್ಮ ಬಿದ್ಲು. ಏಳರಲ್ಲಿ."

ಲಸಿಕೆಯ ಡಬ್ಬಿ ಹಿಂದೆ ಕಟ್ಟಿಕೊಂಡು ಹೋಗುತ್ತಿದ್ದವಳು ಮುಂದಿನ ಚಕ್ರ ಗುಂಡಿಗೆ ಇಳಿದು ಹಾರಿ ಬಿದ್ದಿದ್ದಳು. ಬಲಗೈ ಮಣಿಕಟ್ಟಿನ ಮೂಳೆ ಮೂರು ಕಡೆ ಮುರಿದಿತ್ತು. ಅದಕ್ಕಿಂತ ಕೆಟ್ಟದ್ದು, ಒಡೆದ ಕನ್ನಡಿಯ ಗಾಜು ಅಂಗೈಗೆ ಇಳಿದು ಹೆಬ್ಬೆರಳಿನ ನರ ಕತ್ತರಿಸಿತ್ತು. ಹಿಂದೆ ಬರುತ್ತಿದ್ದ ಲಾರಿಯವನು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಟ್ಟಣದ ಆಸ್ಪತ್ರೆಗೆ ಒಯ್ದಿದ್ದ. ಪೊಲೀಸರು ಬಂದು ಬರೆದುಕೊಂಡದ್ದು ಎರಡೇ ಪದ: ಅಜಾಗರೂಕ ಚಾಲನೆ.

ಮೂರನೇ ದಿನ ನಾನೂ ಅತ್ತೆಯೂ ಬಸ್ಸು ಹತ್ತಿ ಹೋದೆವು. ಉದ್ದನೆಯ ವಾರ್ಡು. ಗೋಡೆಯ ಅರ್ಧದವರೆಗೆ ಹಸಿರು ಬಣ್ಣ. ಪ್ರತಿ ಮಂಚದ ಪಕ್ಕ ಒಂದೊಂದು ತಗಡಿನ ಕಪಾಟು. ನರ್ಸಮ್ಮ ಕಿಟಕಿಯ ಪಕ್ಕದ ಮಂಚದಲ್ಲಿ ಒರಗಿದ್ದಳು. ಕೈ ಮೊಣಕೈವರೆಗೆ ಬಿಳಿ. ನಮ್ಮನ್ನು ಕಂಡು ನಕ್ಕಳು. "ಬಾರೇ. ಇಷ್ಟು ವರ್ಷ ಸೂಜಿ ಚುಚ್ಚಿದ್ದಕ್ಕೆ ಎಲ್ಲಾ ಸೇರಿಸಿ ಒಂದೇ ಸಲ ಚುಚ್ಚಿದಾರೆ ನಂಗೆ."

ಅತ್ತೆ ತಂದಿದ್ದ ಹಣ್ಣಿನ ಚೀಲವನ್ನು ಕಪಾಟಿನ ಮೇಲೆ ಇಟ್ಟಳು. ಕೂರಲಿಲ್ಲ. "ಆ ಗುಂಡಿ ನಂಗೆ ಗೊತ್ತಿತ್ತು" ಎಂದಳು.

"ನಿಂಗೇನು, ಊರಿಗೆಲ್ಲ ಗೊತ್ತಿತ್ತು."

"ಅದಲ್ಲ. ಸಾಮಾನು ಬಂದಿಲ್ಲ ಅಂದಿದ್ದು ಸುಳ್ಳು. ಜಲ್ಲಿ ಇತ್ತು, ಡಾಂಬರಿತ್ತು. ಅಗಲ ಮಾಡೋರು ಬಂದು ನೋಡೋವರೆಗೆ ಮುಚ್ಬೇಡ ಅಂದ್ರು. ನಾನು ಮುಚ್ಲಿಲ್ಲ."

ನರ್ಸಮ್ಮನ ನಗು ಒಂದೇ ಸಲಕ್ಕೆ ಹೋಗಲಿಲ್ಲ. ಅರ್ಥವಾಗುತ್ತ ಆಗುತ್ತ ಸ್ವಲ್ಪ ಸ್ವಲ್ಪವೇ ಇಳಿಯಿತು. ಕಿಟಕಿಯಾಚೆ ಯಾರೋ ಬಕೆಟ್ಟಿಗೆ ನೀರು ಬಿಡುತ್ತಿದ್ದರು. ಬಕೆಟ್ಟು ತುಂಬಿ ಉಕ್ಕಿತು.

"ಎಷ್ಟು ಹೊತ್ತಿನ ಕೆಲಸ ಅದು?"

"ಯಾವ್ದು?"

"ಆ ಗುಂಡಿ. ಮುಚ್ಚೋಕೆ ಎಷ್ಟು ಹೊತ್ತು ಬೇಕಿತ್ತು?"

"ಮುಕ್ಕಾಲು ಗಂಟೆ."

ನರ್ಸಮ್ಮ ತನ್ನ ಬಿಳಿ ಕೈಯನ್ನು ನೋಡಿದಳು. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. "ಎದ್ದು ಹೋಗು" ಎಂದಳು. ಅತ್ತೆ ಕೂತೇ ಇರಲಿಲ್ಲ ಅನ್ನುವುದು ಅವಳಿಗೆ ಗೊತ್ತಾಗಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದಳು. ಏಳನೇ ಕಲ್ಲು ಹತ್ತಿರವಾಗುತ್ತಲೇ ಎದ್ದು, "ನಿಲ್ಲಿಸಿ" ಎಂದಳು. ಕಂಡಕ್ಟರು "ಇಲ್ಲಿ ಸ್ಟಾಪಿಲ್ಲಮ್ಮ" ಎಂದ. ಅವಳು ಇನ್ನೊಂದು ಸಲ ಹೇಳಲಿಲ್ಲ, ಅವನ ಮುಖ ನೋಡಿದಳು ಅಷ್ಟೆ. ಬಸ್ಸು ನಿಂತಿತು.

ಮಧ್ಯಾಹ್ನದ ಮೂರು ಗಂಟೆ. ಆಸ್ಪತ್ರೆಗೆಂದು ಉಟ್ಟಿದ್ದ ಒಳ್ಳೆಯ ಬಟ್ಟೆಯಲ್ಲೇ ಅವಳು ಹತ್ತಿರದಲ್ಲೇ ಇದ್ದ ಶೆಡ್ಡಿಗೆ ಹೋಗಿ ಬೀಗ ತೆಗೆದು, ಗುದ್ದಲಿ, ಉಳಿ, ಸುತ್ತಿಗೆ, ದಿಮ್ಮಸು, ಜಲ್ಲಿ, ಡಬ್ಬ ಎಲ್ಲ ಕೈಗಾಡಿಗೆ ಹಾಕಿಕೊಂಡು ಬಂದಳು. ನಾನು ಕೆಂಪು ಬಾವುಟ ಹಿಡಿದು ತಿರುವಿನಲ್ಲಿ ನಿಂತೆ. ಅವಳು ಗುಂಡಿಯ ಅಂಚು ಕಡಿದ ರೀತಿ ನೋಡಿದ್ದರೆ ಯಾರಿಗಾದರೂ ಹೆದರಿಕೆಯಾಗುತ್ತಿತ್ತು. ಕಲ್ಲಿನ ಚೂರು ಸಿಡಿದು ಕೆನ್ನೆಗೆ ತಾಗಿ ರಕ್ತ ಬಂದರೂ ಒರೆಸಿಕೊಳ್ಳಲಿಲ್ಲ. ಆದರೂ ನೇಮ ತಪ್ಪಲಿಲ್ಲ. ಚೌಕವಾಗಿಯೇ ಕಡಿದಳು, ನೀರು ತೋಡಿ ಹಾಕಿ ಬಟ್ಟೆಯಿಂದ ಒರೆಸಿ ಒಣಗಿಸಿದಳು. ಮುಗಿದಾಗ ನಾನು ಗಡಿಯಾರ ನೋಡಿದೆ. ನಲವತ್ತೆರಡು ನಿಮಿಷವಾಗಿತ್ತು.

ಮರುದಿನ ಉದ್ದಣ್ಣ ಬಂದು, "ಮೇಸ್ತ್ರಿ, ಕೆಲಸ ಹೋಗುತ್ತೆ" ಎಂದ.

"ಹೋಗ್ಲಿ."

"ನಂದೂ ಹೋಗುತ್ತೆ."

"ನೀನು ಮನೇಲಿರು."

ಉದ್ದಣ್ಣ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ನಿಂತು, ಆಮೇಲೆ ದಿಮ್ಮಸು ಎತ್ತಿಕೊಂಡ. ಮೂರು ದಿನದಲ್ಲಿ ಹತ್ತೊಂಬತ್ತು ಗುಂಡಿ ಮುಚ್ಚಿದರು. ನಾಲ್ಕನೇ ದಿನ ಜೀಪು ಬಂತು. ಇಂಜಿನಿಯರು ಜೀಪಿನಿಂದ ಹಾರಿ ಇಳಿದ. "ತಂಡ ಮುಂದಿನ ವಾರ ಬರುತ್ತೆ. ನಾಲ್ಕು ತಿಂಗಳು ಕಾಪಾಡಿದ್ದನ್ನ ಹಾಳು ಮಾಡ್ತಿದ್ದೀರಲ್ರೀ!" ಎಂದು ಕೂಗಿದ. ಕಾಪಾಡಿದ್ದು! ಆ ಮಾತನ್ನು ಉದ್ದಣ್ಣ ನನಗೆ ಎರಡೆರಡು ಸಲ ಹೇಳಿದ. ಇಂಜಿನಿಯರು ಶೆಡ್ಡಿಗೆ ಬೀಗ ಜಡಿದು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಹೋದ.

ಅದೇ ವಾರ ಟಪಾಲಿನಲ್ಲಿ ಒಂದು ಕಾಗದ ಬಂತು. ನರ್ಸಮ್ಮ ಕರ್ತವ್ಯದ ಮೇಲಿದ್ದಾಗ ಬಿದ್ದದ್ದರಿಂದ ಆರೋಗ್ಯ ಇಲಾಖೆಯವರು ರಸ್ತೆಯವರನ್ನು ಯಾಕೆ ಹೀಗಾಯಿತೆಂದು ಕೇಳಿದ್ದರಂತೆ. ರಸ್ತೆಯವರು ಕೆಳಗೆ ಕೇಳಿದರು, ಕೆಳಗಿನವರು ಇನ್ನೂ ಕೆಳಗೆ. ಕೆಳಗೆ ಅಂದರೆ ಕೊನೆಗೆ ನಮ್ಮ ಅತ್ತೆ. ನಾನು ಕಾಗದ ಓದಿದೆ. "ತಮ್ಮ ವ್ಯಾಪ್ತಿಯ ಏಳನೇ ಕಿಲೋಮೀಟರಿನಲ್ಲಿ ಉಂಟಾಗಿದ್ದ ಗುಂಡಿಯನ್ನು ಸಕಾಲದಲ್ಲಿ ಮುಚ್ಚದೆ ಗಂಭೀರ ಕರ್ತವ್ಯಲೋಪ ಎಸಗಿರುವುದರಿಂದ, ತಮ್ಮ ಮೇಲೆ ಏಕೆ ಶಿಸ್ತುಕ್ರಮ ಜರುಗಿಸಬಾರದು..." ಕೆಳಗೆ ಕಿರಿಯ ಇಂಜಿನಿಯರನ ಸಹಿ. ಗುಂಡಿ ಮುಚ್ಚಿದ್ದಕ್ಕೆ ಬೀಗದ ಕೈ ಕಿತ್ತುಕೊಂಡವನೇ ಮುಚ್ಚಲಿಲ್ಲವೆಂದು ನೋಟೀಸು ಬರೆದಿದ್ದ.

ಮಾವನ ಹೊಲಿಗೆ ಯಂತ್ರ ನಿಂತಿತು. ಯಾವತ್ತೂ ಗಟ್ಟಿ ಮಾತಾಡದ ಮಾವ, "ಹೊಡೆದವನೇ ಅತ್ಕೊಂಡು ದೂರು ಕೊಟ್ಟ ಹಾಗಾಯ್ತಲ್ಲ, ಇವನ ಮನೆ ಹಾಳಾಗ!" ಎಂದರು. ಅತ್ತೆ, "ಇನ್ನೊಂದ್ಸಲ ಓದು" ಎಂದಳು. ನಾನು ಓದಿದೆ. "ಮುಚ್ಚಲಿಲ್ಲ ಅನ್ನೋದು ನಿಜ" ಎಂದು ಎದ್ದು ಒಳಗೆ ಹೋದಳು. ಪಾತ್ರೆಗಳ ಸದ್ದು ಬರಲಿಲ್ಲ. ಅದೇ ನನಗೆ ಹೆಚ್ಚು ಭಯವಾದದ್ದು.

ಪರೀಕ್ಷೆಯ ತಂಡ ಬಂತು. ಮುಂದೆ ರಸ್ತೆಯ ಏರುತಗ್ಗು ಅಳೆಯುವ ಕಣ್ಣುಗಳಿರುವ ಪಟ್ಟಿಯೊಂದನ್ನು ಸಿಕ್ಕಿಸಿಕೊಂಡ ಬಿಳಿ ಗಾಡಿ ಹನ್ನೊಂದು ಕಿಲೋಮೀಟರ್ ಒಂದೇ ವೇಗದಲ್ಲಿ ಹೋಗಿ ಬಂತು. ಸೇತುವೆಯ ಹತ್ತಿರ ನಾಲ್ವರು ಕುರ್ಚಿ ಹಾಕಿಕೊಂಡು ಹಾದುಹೋಗುವ ಗಾಡಿಗಳನ್ನು ಎಣಿಸುತ್ತ ಏಳು ದಿನ ಕೂತರು. ನಡೆದು ನೋಡುವ ಕೆಲಸಕ್ಕೆ ಬಂದವಳು ಒಬ್ಬ ಹೆಂಗಸು. ಉದ್ದ ಹಿಡಿಕೆಯ ಅಳತೆ ಚಕ್ರವನ್ನು ರಸ್ತೆಯ ಮೇಲೆ ಉರುಳಿಸುತ್ತ, ನಿಂತು ನಿಂತು ಬರೆದುಕೊಳ್ಳುತ್ತ ಹೋಗುವವಳು. ಉದ್ದಣ್ಣ ಮೊದಲ ದಿನವೇ ಅವಳಿಗೆ ಚಕ್ರದಮ್ಮ ಎಂದು ಹೆಸರಿಟ್ಟ. ಟೇಪು ಹಿಡಿಯಲು ಅತ್ತೆಯನ್ನೂ ಬಾವುಟ ಹಿಡಿಯಲು ಉದ್ದಣ್ಣನನ್ನೂ ಕೊಟ್ಟಿದ್ದರು.

ಒಂದೊಂದು ಗುಂಡಿಯ ಹತ್ತಿರವೂ ಚಕ್ರದಮ್ಮ ಉದ್ದ, ಅಗಲ, ಆಳ ಕೇಳುತ್ತಿದ್ದಳು. ಅತ್ತೆ ಟೇಪು ನೋಡಿ ಹೇಳುತ್ತಿದ್ದಳು. ನಾಲ್ಕನೇ ಕಲ್ಲಿನ ಹತ್ತಿರ ಅತ್ತೆ ತಾನಾಗಿ ಒಂದು ಮಾತು ಸೇರಿಸಿದಳು. "ವಯಸ್ಸು ಮೂರು ತಿಂಗಳು ಇಪ್ಪತ್ತು ದಿನ."

"ಏನಂದ್ರಿ?"

"ಈ ಗುಂಡಿಗೆ. ಬರ್ಕೊಳ್ಳಿ."

ಚಕ್ರದಮ್ಮ ಹಾಳೆ ತೋರಿಸಿದಳು. "ವಯಸ್ಸಿಗೆ ಕಾಲಂ ಇಲ್ಲಮ್ಮ ಇದ್ರಲ್ಲಿ."

"ಹಾಗಾದ್ರೆ ಅಂಚಲ್ಲಿ ಬರೀರಿ."

ಆ ಹೆಂಗಸು ಪೆನ್ನು ಕೆಳಗಿಳಿಸಿ ಅತ್ತೆಯ ಮುಖ ನೋಡಿದಳು. ಮೇಸ್ತ್ರಿಯಾದವಳಿಗೆ ಗುಂಡಿ ಹುಟ್ಟಿದ ದಿನ ಗೊತ್ತಿದ್ದರೆ ಅದನ್ನು ಯಾಕೆ ಮುಚ್ಚಲಿಲ್ಲ ಎಂದು ಕೇಳಿದಳು. ಅತ್ತೆ ಎಲ್ಲವನ್ನೂ ಹೇಳಿದಳು. ಇಂಜಿನಿಯರು, ರೋಗಿ, ಹಾಸಿಗೆ, ಆಚೆ ಕಡೆಯ ರಸ್ತೆ, ನರ್ಸಮ್ಮನ ಹೆಬ್ಬೆರಳು. ಹೇಳುವಾಗ ದನಿ ಏರಿರಲಿಲ್ಲವಂತೆ.

ಚಕ್ರದಮ್ಮ ಬಿಸಿಲಿಗೆ ಹಾಕಿದ್ದ ಟೋಪಿ ತೆಗೆದಳು. "ಯಾರು ಹೇಳಿದ್ದು ನಿಮ್ಗೆ, ಗುಂಡಿ ನೋಡಿ ಅಗಲ ಮಾಡ್ತಾರೆ ಅಂತ? ಅದು ಗಾಡಿ ಲೆಕ್ಕದ ಮೇಲೆ ಹೋಗುತ್ತೆ. ದಿನಕ್ಕೆ ಎಷ್ಟು ಗಾಡಿ, ಎಷ್ಟು ಕಡೆ ಎದುರುಬದುರು ಸಿಕ್ಕಿ ನಿಲ್ತಾವೆ, ತಿರುವು ಎಷ್ಟು ಕಡಿದು. ಗುಂಡಿ ಬರ್ಕೊಳ್ಳೋದು ಹಳೇ ಮೈ ಮೇಲೆ ಎಷ್ಟು ದಪ್ಪ ಡಾಂಬರು ಹಾಕ್ಬೇಕು ಅಂತ ತಿಳಿಯೋಕೆ. ಈ ರಸ್ತೆ ಎರಡು ವರ್ಷದ ಹಿಂದೇನೇ ಪಟ್ಟೀಲಿ ಮೊದಲು ಇತ್ತು."

"ಗುಂಡಿ ಎಲ್ಲಾ ಮುಚ್ಚಿದ್ದಿದ್ರೆ?"

"ಮುಚ್ಚಿದ್ರೂ ಅಗಲ ಆಗ್ತಿತ್ತು."

"ಒಂದೂ ಬಿಡದೆ ಮುಚ್ಚಿದ್ದಿದ್ರೆ?"

"ಆಗ್ಲೂ ಆಗ್ತಿತ್ತಮ್ಮ."

ಅತ್ತೆ ಟೇಪನ್ನು ಕೈಯಿಂದ ಬಿಟ್ಟಳು. ಅದು ತಾನಾಗಿ ಸುತ್ತಿಕೊಂಡು ಡಬ್ಬಿಯೊಳಗೆ ಹೋಯಿತು. ನಾಲ್ಕನೇ ಕಿಲೋಮೀಟರಿನ ಕಲ್ಲಿನ ಮೇಲೆ ಕೂತಳು. ಯಾರೋ ಹೇಳಿದ್ದನ್ನು ಯಾರೋ ನಂಬಿ, ತಿಳಿದವರನ್ನು ಒಂದು ಮಾತು ಕೇಳದೆ, ಜೀಪಿನಲ್ಲಿ ಬಂದು ಬಾಗಿಲಲ್ಲಿ ನಿಂತು ಹೇಳಿಹೋದ ಒಂದು ಮಾತು. ಅದರಿಂದ ಊರಿಗೆ ಸಾಸಿವೆಯಷ್ಟೂ ಲಾಭವಿರಲಿಲ್ಲ. ಮೋಸ ಮಾಡಿಯಾದರೂ ಒಂದು ರಸ್ತೆ ಗೆದ್ದೆವು ಅಂದುಕೊಳ್ಳುವ ಸಮಾಧಾನ ಕೂಡ ಉಳಿಯಲಿಲ್ಲ. ಅತ್ತೆ ಒಂದು ಹಿಡಿ ಜಲ್ಲಿ ಎತ್ತಿ, ಎದುರಿನ ತಗಡಿನ ಫಲಕಕ್ಕೆ ಒಂದೊಂದಾಗಿ ಎಸೆದಳಂತೆ. ಠಣ್, ಠಣ್. ಕೈ ಖಾಲಿಯಾಗುವವರೆಗೆ ಚಕ್ರದಮ್ಮನೂ ಉದ್ದಣ್ಣನೂ ಕಾದು ನಿಂತರು. ಆಮೇಲೆ ಎದ್ದು ಟೇಪು ಎತ್ತಿಕೊಂಡಳು. ಉಳಿದ ಏಳು ಕಿಲೋಮೀಟರಿನಲ್ಲಿ ಚಕ್ರದಮ್ಮ ಪ್ರತಿ ಗುಂಡಿಯ ವಯಸ್ಸನ್ನೂ ಕೇಳಿ ಅಂಚಿನಲ್ಲಿ ಬರೆದುಕೊಂಡಳು.

ವಿಚಾರಣೆ ನಡೆದದ್ದು ಪಟ್ಟಣದ ಕಚೇರಿಯ ಮಹಡಿಯಲ್ಲಿ. ನೋಟೀಸಿಗೆ ಉತ್ತರ ಬರೆದುಕೊಟ್ಟವಳು ನಾನಾದ್ದರಿಂದ ನನ್ನನ್ನೂ ಒಳಗೆ ಬಿಟ್ಟರು. ಹಿರಿಯ ಇಂಜಿನಿಯರು ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು, ಇದು ಬೇಗ ಮುಗಿದರೆ ಸಾಕು ಅನ್ನುವ ಮುಖದಲ್ಲಿ ಕೂತಿದ್ದರು. ಮೇಜಿನ ಆ ಕಡೆ ಕಿರಿಯವನು, ಇಸ್ತ್ರಿ ಮಾಡಿದ ಅಂಗಿಯಲ್ಲಿ.

"ಮುಚ್ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ ಸಾರ್" ಎಂದ ಅವನು. "ಇವ್ರು ಕೆಲಸ ತಪ್ಪಿಸ್ಕೊಂಡು ಈಗ ನನ್ನ ಮೇಲೆ ಹಾಕ್ತಿದಾರೆ. ನಾನು ಹೇಳಿದ್ದಕ್ಕೆ ಏನಾದ್ರೂ ಆಧಾರ ಇದ್ರೆ ತೋರಿಸ್ಲಿ."

ಅತ್ತೆ ಚೀಲದಿಂದ ದಿನಚರಿ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. ಹಿರಿಯರು ಪುಟ ತಿರುಗಿಸಿದರು. ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು. "ಓದಮ್ಮ ಇದನ್ನ" ಎಂದು ನನ್ನ ಕಡೆ ತಳ್ಳಿದರು. ನಾನು ಓದಿದೆ.

"ಏಳನೇ ಕಿಲೋಮೀಟರು ಎಡಬದಿ ಗುಂಡಿ ಒಂದು. ಸಾಹೇಬರ ಮಾತಿನಂತೆ ಮುಚ್ಚಿಲ್ಲ. ಮರುದಿನ. ಏಳನೇ ಕಿಲೋಮೀಟರಿನ ಗುಂಡಿ ದೊಡ್ಡದಾಗಿದೆ. ಒಂಬತ್ತರಲ್ಲಿ ಹೊಸದು ಎರಡು. ಸಾಹೇಬರ ಮಾತಿನಂತೆ ಮುಚ್ಚಿಲ್ಲ. ಏಳರಲ್ಲಿ ಇವತ್ತು ಸೈಕಲ್ಲಿನವರು ಬಿದ್ದರು, ಪೆಟ್ಟಾಗಿಲ್ಲ. ಸಾಹೇಬರ ಮಾತಿನಂತೆ..."

ನಾಲ್ಕು ತಿಂಗಳು. ಪ್ರತಿ ಹದಿನೈದು ದಿನದ ಕೆಳಗೆ ಹಸಿರು ಶಾಯಿಯ ಸಹಿ, ಬಾಲ ಎಳೆದದ್ದು. ಎಂಟು ಸಹಿಗಳು.

"ಇದು ನಿಮ್ಮದೇ ಅಲ್ವೇನ್ರೀ?"

ಕಿರಿಯವನ ಕುತ್ತಿಗೆ ಕೆಂಪಗಾಯಿತು. "ಸಹಿ ನಂದೇ ಸಾರ್. ಆದ್ರೆ ಓದಿ ಹಾಕಿದ್ದಲ್ಲ."

ಕಚೇರಿಯಲ್ಲಿ ಯಾರೋ ಕಿಸಕ್ಕೆಂದರು. ಅತ್ತೆ ನಗಲಿಲ್ಲ. ಅವಳು ಮೇಜಿಗೆ ಎರಡೂ ಕೈ ಊರಿ ನಿಂತಳು. ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆಯೂ ಆಮೇಲೂ ಕೇಳಿಲ್ಲ.

"ನೋಟೀಸು ತಪ್ಪು ಅಂತ ನಾನು ಅನ್ನಲ್ಲ ಸಾಹೇಬ್ರೆ. ಇಪ್ಪತ್ತೆರಡು ವರ್ಷ ಆ ರಸ್ತೆ ತುಳಿದವಳು ನಾನು. ಮುಚ್ಬೇಡ ಅಂದಾಗ ಆಗಲ್ಲ ಅನ್ಬೇಕಿತ್ತು. ಅನ್ಲಿಲ್ಲ. ಸಾಮಾನಿಲ್ಲ ಅಂತ ಗೆಳತಿಗೆ ಸುಳ್ಳು ಹೇಳ್ದೆ. ಅದಕ್ಕೆ ಏನು ಕೊಡ್ತೀರೋ ಕೊಡಿ, ತಲೆ ಮೇಲೆ ಹೊತ್ಕೊಂಡು ಹೋಗ್ತೀನಿ. ಆದ್ರೆ ಅದೇ ಕಾಗದದಲ್ಲಿ ಇವ್ರ ಹೆಸರನ್ನ ನನ್ನ ಹೆಸರಿನ ಮೇಲೆ ಬರೀರಿ. ಮೇಲಿನೋರು ಮೇಲೇ ಇರ್ಬೇಕಲ್ವಾ? ಗುಂಡಿ ಬಂದಾಗ ಮಾತ್ರ ಯಾಕೆ ಕೆಳಗಿನೋರು ಮೊದಲು? ಇನ್ನೊಂದು, ಪೊಲೀಸಿನವ್ರು ನರ್ಸಮ್ಮ ಅಜಾಗರೂಕತೆಯಿಂದ ಓಡಿಸಿದ್ಲು ಅಂತ ಬರೆದಿದಾರೆ. ಅವಳು ಜಾಗರೂಕಳಾಗೇ ಇದ್ಲು. ನಾವು ಇರ್ಲಿಲ್ಲ. ಅದನ್ನ ಹೊಡೆದು ಹಾಕೋವರೆಗೆ ನಾನು ಈ ಮೆಟ್ಲು ಇಳಿಯಲ್ಲ."

ಅವಳು ಪಟ್ಟು ಬಿಡಲಿಲ್ಲ. ಸಂಜೆ ಕಚೇರಿ ಮುಚ್ಚುವವರೆಗೆ ಮೆಟ್ಟಿಲ ಮೇಲೆ ಕೂತಳು. ಮರುದಿನ ಬೆಳಗ್ಗೆ ಊಟದ ಡಬ್ಬಿ ತೆಗೆದುಕೊಂಡು ಹೋಗಿ ಮತ್ತೆ ಅಲ್ಲೇ ಕೂತಳು. ಹತ್ತುವವರು ಇಳಿಯುವವರೆಲ್ಲ ಅವಳನ್ನು ಸುತ್ತಿ ಹೋಗಬೇಕಾಯಿತು. ಮೂರನೇ ದಿನ ಹಿರಿಯರು ಕರೆದು, ರಸ್ತೆಯ ದೋಷದಿಂದ ಆದ ಅಪಘಾತ ಎಂದು ಒಪ್ಪಿ ಬರೆದ ಪತ್ರದ ಪ್ರತಿಯನ್ನು ಕೈಗೆ ಕೊಟ್ಟರು. ಅದನ್ನು ತೋರಿಸಿದ ಮೇಲೆ ಪೊಲೀಸರು ಆ ಎರಡು ಪದಗಳನ್ನು ಹೊಡೆದುಹಾಕಿದರು.

ಉಳಿದದ್ದು ಹೇಳಿದರೆ ಈಗಲೂ ನನ್ನ ಮೈ ಉರಿಯುತ್ತದೆ. ಕಿರಿಯ ಇಂಜಿನಿಯರನಿಗೆ ಒಂದು ಎಚ್ಚರಿಕೆ ಪತ್ರ ಕೊಟ್ಟು ಬೇರೆ ರಸ್ತೆಗೆ ಕಳಿಸಿದರು. ಅತ್ತೆಗೂ ಒಂದು ಎಚ್ಚರಿಕೆ ಪತ್ರ ಬಂತು. ಎರಡನ್ನೂ ನಾನು ನೋಡಿದ್ದೇನೆ. ಹೆಸರೊಂದು ಬಿಟ್ಟು ಅಕ್ಷರ ಅಕ್ಷರವೂ ಒಂದೇ. ಹೇಳಿದವನಿಗೂ ಕೇಳಿದವಳಿಗೂ ಒಂದೇ ಅಚ್ಚು. "ಪಾಪ, ಆ ರಸ್ತೆ ಯಾವ್ದೋ" ಎಂದರು ಮಾವ, ಅವನು ಹೋದ ದಿಕ್ಕನ್ನು ನೆನೆದು.

ರಸ್ತೆ ಅಗಲ ಮಾಡಲು ಒಪ್ಪಿಗೆಯೂ ಸಿಕ್ಕಿತು, ಚಕ್ರದಮ್ಮ ಹೇಳಿದ ಹಾಗೆ ಗಾಡಿಗಳ ಲೆಕ್ಕದ ಮೇಲೆ. ಕೆಲಸ ಶುರುವಾಗಲು ಒಂದು ವರ್ಷ ಇತ್ತು. ಬೀಗದ ಕೈ ವಾಪಸು ಬಂದ ದಿನವೇ ಅತ್ತೆ ಉಳಿದ ಗುಂಡಿಗಳಿಗೆ ಕೈ ಹಾಕಿದಳು. "ಹೇಗೂ ಅಗೆದು ಹಾಕ್ತಾರಲ್ಲ ಮೇಸ್ತ್ರಿ" ಎಂದ ಉದ್ದಣ್ಣ. "ಅಗೆಯೋವರೆಗೆ ಜನ ಹಾರ್ಕೊಂಡು ಹೋಗ್ತಾರಾ?" ಎಂದಳು. ಹೊಸ ಇಂಜಿನಿಯರು ಏನಾದರೂ ಬಾಯಿಮಾತಿನಲ್ಲಿ ಹೇಳಿದರೆ, ಅದು ಚರಂಡಿ ಬಾಚುವ ಸಣ್ಣ ವಿಷಯವಾದರೂ, ದಿನಚರಿ ಪುಸ್ತಕ ಬಿಚ್ಚಿ ಅವನ ಮುಂದೆ ಹಿಡಿದು ಪೆನ್ನು ಕೊಡುತ್ತಿದ್ದಳು. ಅವನು ಮೊದಲು ಮುಖ ಗಂಟಿಕ್ಕಿಕೊಂಡ, ಆಮೇಲೆ ರೂಢಿ ಮಾಡಿಕೊಂಡ.

ನರ್ಸಮ್ಮ ಎರಡು ತಿಂಗಳ ಮೇಲೆ ಮನೆಗೆ ಬಂದಳು. ಮೂಳೆ ಕೂಡಿತ್ತು, ಹೆಬ್ಬೆರಳು ಕೂಡಿರಲಿಲ್ಲ. ಸೂಜಿ ಹಿಡಿಯುವ ಕೈ ರವಿಕೆಯ ಗುಂಡಿ ಹಾಕಿಕೊಳ್ಳಲೂ ಆಗದ ಹಾಗಿತ್ತು. ಜೊತೆಗಿದ್ದವಳು ಅವಳ ಅಕ್ಕ, ಭುಜ ಸೆಟೆದು ತೋಳು ಎತ್ತಲಾಗದ ಮುದುಕಿ. ಅತ್ತೆ ಮೊದಲ ದಿನ ಹೋದಾಗ ನರ್ಸಮ್ಮ ಬಾಗಿಲು ತೆಗೆಯಲಿಲ್ಲ. ಎರಡನೇ ದಿನವೂ ಇಲ್ಲ. ಹತ್ತು ದಿನ ಅತ್ತೆ ಕೆಲಸಕ್ಕೆ ಹೋಗುವ ಮುಂಚೆ ಆ ಬಾಗಿಲು ತಟ್ಟಿ ವಾಪಸಾದಳು. ಹನ್ನೊಂದನೇ ದಿನ ಅಕ್ಕ ಬಾಗಿಲು ತೆಗೆದು, "ತಲೆ ಗೂಡು ಕಟ್ಟಿದೆ ಕಣಮ್ಮ, ನನ್ನ ಕೈಲಿ ಬಾಚೋಕಾಗಲ್ಲ. ಬಾ" ಎಂದಳು.

ಅತ್ತೆ ಒಳಗೆ ಹೋಗಿ ಬಾಚಣಿಗೆ ತೆಗೆದುಕೊಂಡಳು. ನರ್ಸಮ್ಮ ಬೆನ್ನು ಕೊಟ್ಟು ಕೂತಳು. ಸಿಕ್ಕು ಬಿಡಿಸಲು ಅವತ್ತು ಒಂದು ಗಂಟೆ ಹಿಡಿಯಿತಂತೆ. ಒಂದು ಮಾತಿಲ್ಲ. ಮರುದಿನವೂ ಅಷ್ಟೆ. ಹೀಗೆ ಆರು ವಾರ ದಿನಾ ಬೆಳಗ್ಗೆ ಅತ್ತೆ ಆ ಜಡೆ ಹೆಣೆದಳು. ಮನೆಗೆ ಬಂದು, "ಇವತ್ತೂ ಮಾತಾಡ್ಲಿಲ್ಲ" ಎಂದು ಮಾವನಿಗೆ ವರದಿ ಕೊಡುತ್ತಿದ್ದಳು.

ರಸ್ತೆಯ ಬದಿಗೆ ಅಗಲದ ಗುರುತಿನ ಕಲ್ಲುಗಳನ್ನು ನೆಡಲು ಶುರುಮಾಡಿದ ವಾರ ನಾನೂ ಜೊತೆಗೆ ಹೋಗಿದ್ದೆ. ಅತ್ತೆ ಜಡೆಯ ಮೂರು ಎಳೆ ಮಾಡಿಕೊಂಡಿದ್ದಳು. ನರ್ಸಮ್ಮ ಗೋಡೆ ನೋಡುತ್ತಲೇ ಕೇಳಿದಳು. "ಆ ಅಳತೆಯವಳು ಹೇಳಿದ್ದು ನಿಜಾನಾ? ಗುಂಡಿ ಮುಚ್ಚಿದ್ರೂ ರಸ್ತೆ ಸಿಗ್ತಿತ್ತಂತೆ?"

ಅತ್ತೆಯ ಕೈ ನಿಂತಿತು. "ಸಿಗ್ತಿತ್ತು."

"ಯಾವಾಗಿಂದ ಗೊತ್ತು ನಿಂಗೆ?"

"ಅವಳು ಹೇಳಿದ ದಿನದಿಂದ. ನಿಂಗೆ ಹೇಳೋ ಧೈರ್ಯ ಇರ್ಲಿಲ್ಲ."

ನರ್ಸಮ್ಮನ ಬೆನ್ನು ಏರಿ ಇಳಿಯಿತು. ಅಳುತ್ತಿದ್ದಾಳೆ ಅಂದುಕೊಂಡೆ. ಅಳುತ್ತಿರಲಿಲ್ಲ. ಎಡಗೈ ಮುಷ್ಟಿ ಕಟ್ಟಿ ತೊಡೆಗೆ ಗುದ್ದಿಕೊಳ್ಳುತ್ತಿದ್ದಳು, ಒಂದು, ಎರಡು, ಮೂರು. "ಅಷ್ಟಕ್ಕೂ ಒಂದು ಉಪಯೋಗ ಆಗಿದ್ದಿದ್ರೆ!" ಎಂದಳು. "ಕೈ ಹೋದ್ರೂ ರಸ್ತೆ ಬಂತು ಅಂದ್ಕೋತಿದ್ದೆ ಕಣೇ. ಅದೂ ಇಲ್ಲ."

"ಇಲ್ಲ."

"ನಿನ್ನ ಮೇಲೆ ಸಿಟ್ಟು ಹೋಗಿಲ್ಲ ನಂಗೆ."

"ಹೋಗೋದು ಬೇಡ. ನನ್ನ ಮೇಲೆ ನಂಗೂ ಹೋಗಿಲ್ಲ."

ಅಕ್ಕ ಒಳಗೆ ಒಲೆಯ ಮೇಲೆ ಏನೋ ಉಕ್ಕಿಸಿಕೊಂಡು ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಳು. ಆಮೇಲೆ ನರ್ಸಮ್ಮ ತಲೆಯನ್ನು ಹಿಂದಕ್ಕೆ ಒಂದಿಷ್ಟು ವಾಲಿಸಿದಳು. "ಬಿಗಿಯಾಗಿ ಹೆಣಿ. ನಾಳೆಯಿಂದ ಅರ್ಧ ಗಂಟೆ ಮುಂಚೆ ಬಾ. ಹೊಸದಾಗಿ ಸೇರಿದ ನರ್ಸುಗಳಿಗೆ ಕೆಲಸ ಕಲಿಸೋಕೆ ಕರೆದಿದಾರೆ. ಕೈ ಇಲ್ದಿದ್ರೂ ಬಾಯಿದೆಯಲ್ಲ."

"ಅದಕ್ಕೇನು ಕಮ್ಮಿ" ಎಂದಳು ಅತ್ತೆ, ಎಳೆಗಳನ್ನು ಮತ್ತೆ ಕೈಗೆ ತೆಗೆದುಕೊಳ್ಳುತ್ತ.